ನಾಯಿ, ಬೆಕ್ಕಿಗೆ ದೃಷ್ಟಿ, ಅಂತ್ರ, ಹರಕೆ, ರೇಕಿ: ಹೇಗೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು

‘ಮರಿ ನಿನ್ನೆಯವರೆಗೂ ಕುಣಿದಾಡಿಕೊಂಡಿತ್ತು, ಯಾರದೋ ಕಣ್ಣು ಬಿದ್ದಿದೆ. ಮಂಡ್ಯದ ಕಡೆ ಅಂತ್ರ ಕಟ್ಟುವವರು ಯಾರಿದ್ದಾರೆ?’ ‘ಬೆಕ್ಕಿಗೆ ರೇಕಿ ಕೊಡಿಸಿದರೆ ಕಿಡ್ನಿ ಸರಿಹೋಗುತ್ತದೆಯೇ?’ ‘ನಮ್ಮದು ಸಸ್ಯಾಹಾರಿಗಳ ಮನೆ, ಬೆಕ್ಕಿಗೆ ಮೊಸರನ್ನ ಸಾಕಲ್ಲವೇ?’ ಓದುಗರಿಂದ ಇಂಥ ಪ್ರಶ್ನೆಗಳು ಬರುತ್ತಲೇ ಇವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಸಾಲಾಗಿ ಬರೆಯುತ್ತಿದ್ದೇನೆ.

ನಂಬಿಕೆ ಬಿಡಿ ಎಂದು ಹೇಳುವುದು ನನ್ನ ಉದ್ದೇಶವಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಕೃಪೆಯಿಂದ ತನ್ನ ಪಟ್ಟದ ಆನೆಗೆ ಕಣ್ಣು ಬಂತೆಂದು ಟಿಪ್ಪು ಸುಲ್ತಾನ್ ಅಲ್ಲಿಗೆ ಪಚ್ಚೆ ಲಿಂಗ ಕೊಟ್ಟು, ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಕಥೆ ಈ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಪ್ರಾಣಿಗಾಗಿ ದೇವರ ಮುಂದೆ ನಿಲ್ಲುವುದು ನಮಗೆ ಹೊಸದೇನಲ್ಲ. ಆದರೆ ಯಾವುದೇ ಆಚರಣೆಗೆ ಕೈಹಾಕುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರಲ್ಲಿ ಬಳಸುವ ವಸ್ತು ಪ್ರಾಣಿಯ ಬಾಯಿ, ಚರ್ಮ, ಉಸಿರಿಗೆ ಸೇರುತ್ತದೆಯೇ? ಇದರಿಂದ ಪ್ರಾಣಿಗೆ ನೋವೋ ಹೆದರಿಕೆಯೋ ಆಗುತ್ತದೆಯೇ? ಪಶುವೈದ್ಯರ ಬಳಿ ಹೋಗುವುದು ಇದರಿಂದ ತಡವಾಗುತ್ತದೆಯೇ? ಮೂರಕ್ಕೂ ‘ಇಲ್ಲ’ ಎಂಬ ಉತ್ತರ ಬಂದರೆ ಧಾರಾಳವಾಗಿ ಮಾಡಿ. ಒಂದಕ್ಕೆ ‘ಹೌದು’ ಎಂದು ಬಂದರೂ ವಿಧಾನ ಬದಲಿಸಿ, ಇಲ್ಲವೇ ಬಿಟ್ಟುಬಿಡಿ.

ಮನೆಯಲ್ಲಿ ಮೊದಲೇ ಇರಬೇಕಾದವು: ಪ್ರಾಣಿಗೆಂದೇ ಬೇರೆಯಾಗಿ ಇಟ್ಟ ಡಿಜಿಟಲ್ ಥರ್ಮಾಮೀಟರ್, ಸಣ್ಣ ಟಾರ್ಚ್, ಲಸಿಕೆ ಪುಸ್ತಕ, ಒಂದು ನೋಟ್‌ಬುಕ್, ಹಗಲು ಸಿಗುವ ಮತ್ತು ರಾತ್ರಿ ಸಿಗುವ ಪಶುವೈದ್ಯರ ಫೋನ್ ನಂಬರುಗಳು. ಹಸು, ಎಮ್ಮೆ, ಕುರಿ ಸಾಕಿದವರು 1962 ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಕರೆ ಸಂಖ್ಯೆ.

ಹಂತ 1: ದೃಷ್ಟಿಯೋ ಕಾಯಿಲೆಯೋ ಎನ್ನುವ ಮೊದಲು ಮೈ ನೋಡಿ

ಮೂಗು ಮುಟ್ಟಿ ಜ್ವರ ಹೇಳುವುದು ನಂಬುವಂಥದ್ದಲ್ಲ. ಆರೋಗ್ಯವಾಗಿರುವ ನಾಯಿಯ ಮೂಗೂ ಒಣಗಿರಬಹುದು. ಥರ್ಮಾಮೀಟರಿನ ತುದಿಗೆ ಸ್ವಲ್ಪ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಇಟ್ಟು ನೋಡಿ. ನಾಯಿ, ಬೆಕ್ಕುಗಳಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಮ್ಮ ಲೆಕ್ಕದಲ್ಲಿ ಜ್ವರವೆನಿಸುವ 101 ಅವುಗಳಿಗೆ ಜ್ವರವಲ್ಲ. 104 ದಾಟಿದರೂ 99ಕ್ಕಿಂತ ಇಳಿದರೂ ವೈದ್ಯರನ್ನು ಕಾಣಬೇಕು.

ಆಮೇಲೆ ಮೇಲ್ತುಟಿ ಎತ್ತಿ ವಸಡು ನೋಡಿ. ನಸುಗೆಂಪಾಗಿರಬೇಕು. ಬೆರಳಿನಿಂದ ಒತ್ತಿದರೆ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. (ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ. ಅಂಥವುಗಳಲ್ಲಿ ಕೆಳರೆಪ್ಪೆಯ ಒಳಬದಿ ನೋಡಿ.) ಬಿಳಿಚಿದ, ಹಳದಿಯಾದ, ನೀಲಿಗಟ್ಟಿದ ವಸಡು ಕಂಡರೆ ಅಂತ್ರದ ಯೋಚನೆ ಬಿಟ್ಟು ಆಟೋ ಕರೆಯಿರಿ.

ಹಂತ 2: ‘ಗಾಳಿ ಸೋಕಿದೆ’ ಎಂದು ತಪ್ಪಾಗಿ ತಿಳಿಯುವ ಕಾಯಿಲೆಗಳು

ಈ ನಾಲ್ಕು ಕಾಯಿಲೆಗಳು ನೋಡಿದವರಿಗೆ ಇದ್ದಕ್ಕಿದ್ದಂತೆ ಬಂದಂತೆ ಕಾಣುತ್ತವೆ. ಅದಕ್ಕೇ ಕಣ್ಣು, ಗಾಳಿಯ ಮೇಲೆ ಹೊರೆ ಹೊರಿಸುತ್ತೇವೆ.

ಪಾರ್ವೊ: ಮರಿಗಳ ಕರುಳಿಗೆ ಬರುವ ವೈರಸ್ ರೋಗ. ಊಟ ಬಿಡುವುದು, ವಾಂತಿ, ಆಮೇಲೆ ಕೆಟ್ಟ ವಾಸನೆಯ ರಕ್ತಭೇದಿ. ಮರಿ ಒಂದೆರಡು ದಿನದಲ್ಲೇ ಸೊರಗಿಹೋಗುತ್ತದೆ. ಬದುಕಿಸುವುದು ಡ್ರಿಪ್, ಅದೂ ಬೇಗ ಹಾಕಿಸಿದರೆ.

ಡಿಸ್ಟೆಂಪರ್: ಕಣ್ಣು, ಮೂಗಿನಲ್ಲಿ ಕೀವಿನಂತೆ ಸುರಿದು, ಕೆಲವು ದಿನ ಅಥವಾ ವಾರಗಳ ಮೇಲೆ ದವಡೆ ಅದುರುವುದು, ಕಾಲು ಸೆಳೆಯುವುದು, ಫಿಟ್ಸ್. ನಿದ್ದೆಯಲ್ಲೂ ಒಂದೇ ಕಾಲು ತಾಳ ಹಾಕಿದಂತೆ ಜಗ್ಗುತ್ತಿರುವುದನ್ನು ಕಂಡರೆ ಯಾರಿಗಾದರೂ ದೆವ್ವದ ನೆನಪು ಬರುವುದು ಸಹಜ. ಅದು ನರಗಳಿಗೆ ಇಳಿದ ವೈರಸ್.

ಉಣ್ಣೆ ಜ್ವರ: ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ಸೂಕ್ಷ್ಮಜೀವಿಗಳಿಂದ ಬರುವುದು. ಸುಸ್ತು, ಬಿಳಿಚಿದ ವಸಡು, ಕೆಲವೊಮ್ಮೆ ಮೂಗಿನಲ್ಲಿ ರಕ್ತ. ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಔಷಧಿಯೂ ಇದೆ.

ಗಂಡು ಬೆಕ್ಕಿನ ಮೂತ್ರ ಕಟ್ಟುವುದು: ಮತ್ತೆ ಮತ್ತೆ ಕುಳಿತು ತಿಣುಕುತ್ತದೆ, ಅಳುತ್ತದೆ, ಒಂದು ಹನಿಯೂ ಬರುವುದಿಲ್ಲ. ಮನೆಯವರು ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಒಂದೆರಡು ದಿನದಲ್ಲಿ ಪ್ರಾಣ ಹೋಗುವ ಸ್ಥಿತಿ ಇದು. ಬೆಳಗಿನವರೆಗೆ ಕಾಯುವಂತಿಲ್ಲ.

ದಿಢೀರನೆ ಹೊಟ್ಟೆ ಉಬ್ಬಿ, ವಾಂತಿ ಮಾಡಲು ಹೋಗಿ ಏನೂ ಬಾರದೆ ಒದ್ದಾಡುತ್ತಿರುವ ದೊಡ್ಡ ತಳಿಯ ನಾಯಿಯನ್ನೂ ಇದೇ ಸಾಲಿಗೆ ಸೇರಿಸಿ. ಅದಕ್ಕೆ ಉಳಿದಿರುವುದು ಗಂಟೆಗಳು.

ಇವುಗಳಲ್ಲಿ ಯಾವುದಾದರೂ ಕಂಡಾಗ ಮನೆಯಲ್ಲಿ ಹಿರಿಯರು ‘ಮೊದಲು ದೃಷ್ಟಿ ತೆಗೆಯೋಣ’ ಎಂದರೆ ವಾದಕ್ಕೆ ನಿಲ್ಲಬೇಡಿ. ಅಜ್ಜಿ ಉಪ್ಪು ನಿವಾಳಿಸುವಷ್ಟರಲ್ಲಿ ನೀವು ಗಾಡಿ ಹೊರಗೆ ತೆಗೆಯಿರಿ.

ಹಂತ 3: ದೃಷ್ಟಿ ತೆಗೆಯುವುದು

ನಿವಾಳಿಸುವುದರಿಂದ ಪ್ರಾಣಿಗೆ ಏನೂ ಆಗದು. ತೊಂದರೆ ಬರುವುದು ಸಾಮಾನುಗಳಿಂದ.

ಒಣಮೆಣಸಿನಕಾಯಿ, ಸಾಸಿವೆ, ಉಪ್ಪನ್ನು ನಿವಾಳಿಸಿದ ಮೇಲೆ ಪ್ರಾಣಿ ಇರುವ ಕೋಣೆಯಲ್ಲಿ ಸುಡಬೇಡಿ. ಹಿತ್ತಲಿನಲ್ಲೋ ಬೀದಿಬದಿಯಲ್ಲೋ ಸುಡಿ. ‘ಘಾಟು ಬರಲಿಲ್ಲ ಎಂದರೆ ದೃಷ್ಟಿ ಇತ್ತು’ ಎಂದು ಪರೀಕ್ಷಿಸಲು ನಾಯಿಯ ಮೂಗಿನ ಹತ್ತಿರವೇ ಹೊಗೆ ಹಿಡಿಯುವವರಿದ್ದಾರೆ. ಆ ಮೂಗು ನಮ್ಮದಕ್ಕಿಂತ ಎಷ್ಟೋ ಪಾಲು ಸೂಕ್ಷ್ಮ. ಗಿಳಿ, ಲವ್‌ಬರ್ಡ್ಸ್ ಸಾಕಿದವರು ಇನ್ನೂ ಎಚ್ಚರವಾಗಿರಬೇಕು. ಹಕ್ಕಿಗಳ ಉಸಿರಾಟದ ವ್ಯವಸ್ಥೆ ಹೊಗೆಯನ್ನು ತಡೆದುಕೊಳ್ಳುವುದಿಲ್ಲ. ಸಾಂಬ್ರಾಣಿ ಹಾಕುವ ಸಂಜೆ ಪಂಜರ ಬೇರೆ ಕೋಣೆಯಲ್ಲಿರಲಿ.

ಕರ್ಪೂರವನ್ನು ನೆಲದ ಮೇಲೆ ಬಿಡಬೇಡಿ. ನಾಯಿ ನುಂಗಿದರೆ ವಾಂತಿ, ಫಿಟ್ಸ್ ಬರಬಹುದು. ಅರಿಶಿನಕ್ಕೆ ಸುಣ್ಣ ಬೆರೆಸಿ ಮಾಡುವ ಕೆಂಪು ಆರತಿ ನೀರನ್ನು ಬಾಗಿಲಲ್ಲಿ ಚೆಲ್ಲಿದ ಮೇಲೆ ನಾಯಿ ಬಂದು ನೆಕ್ಕುವುದನ್ನು ನೋಡಿಯೇ ಇರುತ್ತೀರಿ. ಸುಣ್ಣ ಬಾಯಿ, ಕಣ್ಣು ಸುಡುತ್ತದೆ. ಚೆಲ್ಲಿದ ಜಾಗಕ್ಕೆ ತಕ್ಷಣ ಎರಡು ಚೆಂಬು ನೀರು ಹಾಕಿ. ಕಾಡಿಗೆ ಬೊಟ್ಟು, ಕುಂಕುಮ ಇಡಲೇಬೇಕಿದ್ದರೆ ನಾಲಿಗೆಗೆ ಎಟುಕದ ನೆತ್ತಿಯ ಮೇಲೆ ಒಂದು ಚುಕ್ಕೆ ಸಾಕು. ಅಂಗಡಿಯ ಕೆಲವು ಕಾಡಿಗೆ, ಕುಂಕುಮಗಳಲ್ಲಿ ಸೀಸ ಬೆರೆತಿರುತ್ತದೆ. ಬೆಕ್ಕು ಮೈಮೇಲಿನದನ್ನೆಲ್ಲ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ. ಆದ್ದರಿಂದ ಬೆಕ್ಕಿಗೆ ಬೊಟ್ಟು ಬೇಡ.

ಹಂತ 4: ಅಂತ್ರ, ತಾಯಿತ, ಕಪ್ಪು ದಾರ

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಬೆಳೆಯುವ ಮರಿಯ ಕುತ್ತಿಗೆಗೆ ದಾರ ಕಟ್ಟಬೇಡಿ. ಎರಡು ತಿಂಗಳ ಲ್ಯಾಬ್ರಡಾರ್ ಮರಿಯ ಕುತ್ತಿಗೆ ಆರು ತಿಂಗಳಾಗುವಷ್ಟರಲ್ಲಿ ದುಪ್ಪಟ್ಟಿನ ಹತ್ತಿರ ಬರುತ್ತದೆ. ಮೂರು ಗಂಟು ಹಾಕಿದ ದಾರ ಹಿಗ್ಗುವುದಿಲ್ಲ. ಕೂದಲು ಮುಚ್ಚಿರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಮೊದಲು ಗೊತ್ತಾಗುವುದು ವಾಸನೆ. ಕೂದಲು ಬಿಡಿಸಿ ನೋಡಿದರೆ ಕುತ್ತಿಗೆಯ ಸುತ್ತ ಒದ್ದೆಯಾದ ಕೆಂಪು ಗೆರೆ, ದಾರ ಅದರೊಳಗೆ ಹೂತಿರುತ್ತದೆ. ಆಗ ಮನೆಯಲ್ಲಿ ಎಳೆದು ತೆಗೆಯಬೇಡಿ. ಅರಿವಳಿಕೆ ಕೊಟ್ಟು ಬಿಡಿಸಬೇಕಾಗುತ್ತದೆ.

ಬೆಕ್ಕಿಗಂತೂ ದಾರ ಬೇರೆಯೇ ಅಪಾಯ ತರುತ್ತದೆ. ಕಚ್ಚಿ ನುಂಗಿದ ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಲಾಡಿ ಎಳೆದ ಲಂಗದಂತೆ ಕರುಳು ನೆರಿಗೆಗಟ್ಟಿ ಹರಿಯುತ್ತದೆ. ಬಾಯಿಂದಲೋ ಹಿಂಬದಿಯಿಂದಲೋ ದಾರ ಜೋತು ಬಿದ್ದಿದ್ದರೆ ಎಳೆಯಬೇಡಿ, ಹಾಗೆಯೇ ವೈದ್ಯರ ಬಳಿಗೆ ಒಯ್ಯಿರಿ.

ಮಂತ್ರಿಸಿದ ದಾರ ಬೇಕೇ ಬೇಕೆಂದರೆ ದಾರಿ ಇದೆ. ಅದನ್ನು ನಾಯಿಯ ಗೂಡಿನ ಬಾಗಿಲಿಗೆ, ಎಟುಕದ ಎತ್ತರದಲ್ಲಿ ಕಟ್ಟಿ. ತಾಯಿತವಾದರೆ ದೊಡ್ಡ ನಾಯಿಯ ಬೆಲ್ಟಿಗೆ ಒಳಬದಿಯಲ್ಲಿ ಹೊಲಿಸಿ. ಬೆಲ್ಟಿನ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು, ವಾರಕ್ಕೊಮ್ಮೆ ಪರೀಕ್ಷಿಸಿ. ಕಟ್ಟಿಕೊಡುವವರು ‘ಇದು ಕಟ್ಟಿದ ಮೇಲೆ ಸೂಜಿ, ಮಾತ್ರೆ ಕೊಡಿಸಬಾರದು’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಪ್ರಸಾದ, ವ್ರತ, ಸಸ್ಯಾಹಾರ

ಪ್ರೀತಿಯಿಂದ ಕೊಡುವ ಪ್ರಸಾದವೇ ಇಲ್ಲಿ ಹೆಚ್ಚು ಕೆಡುಕು ಮಾಡುವುದು. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ, ಶ್ಯಾವಿಗೆ ಪಾಯಸ, ಪಂಚಾಮೃತ ಎಲ್ಲದರಲ್ಲೂ ದ್ರಾಕ್ಷಿ ಇರಬಹುದು. ಹಸಿ ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯ ಎಂಬ ಲೆಕ್ಕ ನಾಯಿಯಿಂದ ನಾಯಿಗೆ ಬದಲಾಗುವುದರಿಂದ ಒಂದೂ ಬೇಡ. ದ್ರಾಕ್ಷಿ ಹಾಕುವ ಮೊದಲೇ ಒಂದು ಚಮಚ ತೆಗೆದಿಟ್ಟು ನೈವೇದ್ಯ ಮಾಡಿ, ಅದನ್ನು ಕೊಡಿ. ತುಪ್ಪ ಸುರಿದದ್ದನ್ನು ಹೆಚ್ಚು ಕೊಟ್ಟರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಹೊಟ್ಟೆಯ ಹಿಂಭಾಗದಲ್ಲಿರುವ, ಜೀರ್ಣರಸ ಕೊಡುವ ಗ್ರಂಥಿ ಅದು. ಊದಿದರೆ ಭಾರೀ ನೋವು. ಈರುಳ್ಳಿ, ಬೆಳ್ಳುಳ್ಳಿ ನಾಯಿ, ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅಷ್ಟೇ. ಇವೆರಡನ್ನೂ ಮುಟ್ಟದ ಮಡಿ ಮನೆಗಳ ನಾಯಿಗಳು ಈ ಒಂದು ವಿಷಯದಲ್ಲಿ ಪುಣ್ಯ ಮಾಡಿವೆ.

ಏಕಾದಶಿ, ಶನಿವಾರಗಳಂದು ಪ್ರಾಣಿಗೂ ಉಪವಾಸ ಮಾಡಿಸಬೇಡಿ. ಪುಟ್ಟ ಮರಿಗಳಿಗೆ ರಕ್ತದ ಸಕ್ಕರೆ ಇಳಿದು ಬವಳಿ ಬರುತ್ತದೆ. ದಪ್ಪಗಿರುವ ಬೆಕ್ಕು ಎರಡು ಮೂರು ದಿನ ಉಣ್ಣದಿದ್ದರೆ ಲಿವರಿನಲ್ಲಿ ಕೊಬ್ಬು ಶೇಖರವಾಗಿ ಲಿವರೇ ಕೈಕೊಡುತ್ತದೆ.

ಇನ್ನು ಮೊಸರನ್ನದ ಬೆಕ್ಕು. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಪೋಷಕಾಂಶ ಬೇಕು. ಅದು ಮಾಂಸ, ಮೀನಿನಲ್ಲಿ ಇರುತ್ತದೆ, ಅನ್ನದಲ್ಲಿ ಇಲ್ಲ. ಸಿಗದಿದ್ದರೆ ತಿಂಗಳುಗಳು ಕಳೆದಂತೆ ಕಣ್ಣಿನ ಒಳಪರದೆ ಹಾಳಾಗುತ್ತದೆ, ಹೃದಯದ ಸ್ನಾಯು ಸೊರಗುತ್ತದೆ. ಹೋದ ದೃಷ್ಟಿ ಮರಳುವುದಿಲ್ಲ. ಬೆಕ್ಕನ್ನು ಸಸ್ಯಾಹಾರಿ ಮಾಡುವುದರಲ್ಲಿ ಅಹಿಂಸೆ ಎಲ್ಲಿದೆ ಎಂದು ನನಗಂತೂ ಕಾಣುವುದಿಲ್ಲ. ಅಡುಗೆಮನೆಗೆ ಮಾಂಸ ತರಲಾಗದವರು ಟಾರಿನ್ ಸೇರಿಸಿದ ಬೆಕ್ಕಿನ ಸಿದ್ಧ ಆಹಾರವನ್ನು ಬೇರೆ ತಟ್ಟೆ, ಬೇರೆ ಜಾಗ ಮಾಡಿ ಹಾಕಿ. ಅದೂ ಒಪ್ಪದಿದ್ದರೆ ಮೊಲ ಸಾಕಿ. ನಾಯಿಗೆ ಸಸ್ಯಾಹಾರ ಸಾಧ್ಯ, ಆದರೆ ಬರೀ ಅನ್ನ, ಮೊಸರು ಸಾಲದು. ಪ್ರೋಟೀನ್, ಖನಿಜಗಳ ಲೆಕ್ಕವನ್ನು ವೈದ್ಯರಿಂದ ಬರೆಸಿಕೊಳ್ಳಿ.

ಹಂತ 6: ಹರಕೆ, ಅಪ್ಪಣೆ, ಕಿಚ್ಚು

ಹರಕೆ ಹೊತ್ತವರು ನೀವು, ಕಾಲುಗಳೂ ನಿಮ್ಮವೇ ಇರಲಿ. ಕಾಯಿಲೆಯ ನಾಯಿಯನ್ನು ಬೆಟ್ಟ ಹತ್ತಿಸುವುದು, ಹೊಳೆಯಲ್ಲಿ ಮುಳುಗಿಸುವುದು, ಜಾತ್ರೆಯ ತಮಟೆ ಸದ್ದಿನ ನಡುವೆ ನಿಲ್ಲಿಸುವುದು ಬೇಡ. ಫೋಟೊ ಇಟ್ಟು ಅರ್ಚನೆ ಮಾಡಿಸಬಹುದು, ಪ್ರಾಣಿಯ ತೂಕದಷ್ಟು ಬೆಲ್ಲ ಕೊಡಬಹುದು.

ಹೂ ಪ್ರಸಾದ ಕೇಳುವುದು, ಮಂಡ್ಯ ಸೀಮೆಯಲ್ಲಿ ದೇವರ ಬಸಪ್ಪನ (ದೇವರ ಹೆಸರಿನಲ್ಲಿ ಬಿಟ್ಟ ಬಸವನ) ಪಾದ ಕೇಳುವುದು ಅನೇಕರ ರೂಢಿ. ಕೇಳಿ, ಆದರೆ ‘ಆಸ್ಪತ್ರೆಗೆ ಹೋಗಲೇ ಬೇಡವೇ’ ಎಂಬ ಪ್ರಶ್ನೆಯನ್ನು ದೇವರ ಮುಂದೆ ಇಡಬೇಡಿ. ಹೋಗಿಬಂದ ಮೇಲೆ ಗುಣವಾಗಲಿ ಎಂದು ಕೇಳಿ.

ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವುದು ಮೈಸೂರು, ಮಂಡ್ಯದ ದನಗಳ ಹಬ್ಬ. ಮೈಸೂರಿನ ಹೊರವಲಯದ ಸಿದ್ದಲಿಂಗಪುರದಲ್ಲಿ ಅದನ್ನು ನೋಡಲೆಂದೇ ಜನ ಸೇರುತ್ತಾರೆ. ಬೆಂಕಿ ಹಾಯ್ದರೆ ಉಣ್ಣೆ, ರೋಗ ದೂರವೆಂಬ ನಂಬಿಕೆಯನ್ನು ನೆಚ್ಚಿ ಉಣ್ಣೆ ಔಷಧಿ, ಕಾಲುಬಾಯಿ ಜ್ವರದ ಲಸಿಕೆ ತಪ್ಪಿಸಬೇಡಿ. ಗಬ್ಬದ ಹಸು, ಕರು, ಕುಂಟುವ ಎತ್ತನ್ನು ಹಾಯಿಸಬೇಡಿ. ಮುಗಿದ ಮೇಲೆ ಗೊರಸಿನ ಸಂದಿನಲ್ಲಿ ಕೆಂಡ, ಬೂದಿ ಸಿಕ್ಕಿದೆಯೇ ನೋಡಿ, ತಣ್ಣೀರಿನಲ್ಲಿ ತೊಳೆಯಿರಿ. ಈಚೆಗೆ ಮೊಬೈಲ್ ವಿಡಿಯೋಗಾಗಿ ಸಾಕುನಾಯಿಗಳನ್ನು ಕಿಚ್ಚಿನ ಕಡೆಗೆ ಎಳೆದು ತರುವವರೂ ಇದ್ದಾರೆ. ಅವರಿಗೆ ಹೇಳುವುದಕ್ಕೆ ನನ್ನ ಬಳಿ ಸಭ್ಯ ಮಾತಿಲ್ಲ.

ಕಾಯಿಲೆಗೆಂದು ಕಾದ ಕಬ್ಬಿಣದಿಂದ ಬರೆ ಹಾಕಿಸುವುದು ಸುಟ್ಟ ಗಾಯವನ್ನಷ್ಟೇ ಕೊಡುತ್ತದೆ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಹಂತ 7: ರೇಕಿ, ಹೋಮಿಯೋಪಥಿ, ಹೂವಿನ ಹನಿ, ‘ಪ್ರಾಣಿಯ ಮನಸ್ಸು ಓದುವವರು’

ರೇಕಿ 1920ರ ದಶಕದಲ್ಲಿ ಜಪಾನಿನ ಮಿಕಾವೊ ಉಸುಯಿ ಆರಂಭಿಸಿದ ಪದ್ಧತಿ. ಅಂಗೈ ಮೂಲಕ ಪ್ರಾಣಶಕ್ತಿ ಹರಿಯುತ್ತದೆ ಎಂಬುದು ಅದರ ನಂಬಿಕೆ. ಅಂಥ ಶಕ್ತಿ ಕಾಯಿಲೆ ಗುಣಪಡಿಸುತ್ತದೆಂದು ಸಾಬೀತಾಗಿಲ್ಲ. ಶಾಂತವಾಗಿ ಕುಳಿತು ನಾಯಿಯ ಬೆನ್ನ ಮೇಲೆ ಕೈಯಿಟ್ಟರೆ ಅದು ಸಮಾಧಾನಗೊಳ್ಳಬಹುದು. ಅದನ್ನು ನೀವೇ ದುಡ್ಡಿಲ್ಲದೆ ಮಾಡಬಹುದು.

ಹೋಮಿಯೋಪಥಿ ಜರ್ಮನಿಯ ಸ್ಯಾಮ್ಯುಯೆಲ್ ಹಾನೆಮನ್ 1796ರಲ್ಲಿ ಮುಂದಿಟ್ಟ ಪದ್ಧತಿ. ಸೀಸೆಯ ಮೇಲೆ 30ಸಿ ಎಂದಿದ್ದರೆ ಮೂಲವಸ್ತುವನ್ನು ನೂರರಲ್ಲಿ ಒಂದು ಪಾಲಿನಂತೆ ಮೂವತ್ತು ಸಲ ತೆಳುವಾಗಿಸಲಾಗಿದೆ ಎಂದರ್ಥ. ಕೊನೆಗೆ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಇಲ್ಲವೆಂಬಷ್ಟು ಕಡಿಮೆ. ಸಕ್ಕರೆ ಗುಳಿಗೆಯಿಂದ ಕೆಡುಕಾಗದು, ಅದನ್ನು ನಂಬಿಕೊಂಡು ಒಂದು ವಾರ ಸುಮ್ಮನೆ ಕಾಯುವುದರಿಂದ ಆಗುತ್ತದೆ. ಲಸಿಕೆಯ ಬದಲು ಕೊಡುವ ‘ನೊಸೋಡ್’ ಎಂಬ ಗುಳಿಗೆಗಳು ಪಾರ್ವೊ, ರೇಬೀಸ್ ತಡೆಯುವುದಿಲ್ಲ.

ಬ್ರಿಟನ್ನಿನ ಎಡ್ವರ್ಡ್ ಬಾಖ್ 1930ರ ದಶಕದಲ್ಲಿ ರೂಪಿಸಿದ ಹೂವಿನ ಹನಿಗಳನ್ನು ಸಾಮಾನ್ಯವಾಗಿ ಬ್ರಾಂದಿಯಲ್ಲಿ ಕೆಡದಂತೆ ಇಡುತ್ತಾರೆ. ಬೆಕ್ಕಿಗೆ ಕೊಡುವ ಮೊದಲು ಸೀಸೆಯ ಹಿಂಬದಿ ಓದಿ. ಪಟಾಕಿ ಹೆದರಿಕೆಗೆ ಇವನ್ನು ಕೇಳುವವರು ಹೆಚ್ಚು. ಜಂಬೂಸವಾರಿಗೆ ಮೊದಲು ಆನೆ, ಕುದುರೆಗಳಿಗೆ ಕುಶಾಲತೋಪಿನ ಸದ್ದಿನ ತಾಲೀಮು ಕೊಡುವುದನ್ನು ಮೈಸೂರಿನವರು ಪ್ರತಿವರ್ಷ ನೋಡುತ್ತೀರಿ. ನಾಯಿಗೂ ದೀಪಾವಳಿಗೆ ಎರಡು ತಿಂಗಳು ಮೊದಲೇ ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ ಬಹಳ ಸಣ್ಣಗೆ ಕೇಳಿಸಿ, ಜೊತೆಗೆ ಇಷ್ಟದ ತಿಂಡಿ ಕೊಟ್ಟು, ದಿನ ಕಳೆದಂತೆ ಸದ್ದು ಏರಿಸುತ್ತಾ ಹೋಗಿ. ಹೆದರಿಕೆ ಕಂಡರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

‘ನೈಸರ್ಗಿಕ’ ಎಂದು ಮಾರುವ ಟೀ ಟ್ರೀ, ಲವಂಗ, ನೀಲಗಿರಿ ಎಣ್ಣೆಗಳನ್ನು ಬೆಕ್ಕಿನ ಮೈಗೆ ಹಚ್ಚಬೇಡಿ. ಅವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಕಡಿಮೆ.

ಫೋಟೊ ನೋಡಿ ಪ್ರಾಣಿಯ ಮನಸ್ಸು, ಪೂರ್ವಜನ್ಮ ಹೇಳುವವರಿಗೆ ಹಣ ಕಳಿಸುವ ಮುನ್ನ ಒಂದು ಪರೀಕ್ಷೆ ಮಾಡಿ. ಪ್ರಾಣಿಯ ಬಗ್ಗೆ ಏನನ್ನೂ ಹೇಳದೆ, ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಕೇಳಿ: ಅದು ಮಲಗುವ ಚಾಪೆಯ ಬಣ್ಣ ಯಾವುದು? ‘ನಂಬಿಕೆಯಿಲ್ಲದವರಿಗೆ ಕೆಲಸ ಮಾಡುವುದಿಲ್ಲ’ ಎಂಬ ಉತ್ತರ ಬಂದರೆ ನಿಮ್ಮ ದುಡ್ಡು ಉಳಿಯಿತು.

ಯಾವ ಚಿಕಿತ್ಸೆ ಮಾಡಿಸಿದರೂ ಮೊದಲ ದಿನ ನಾಯಿ ನಡೆಯುವುದನ್ನು ವಿಡಿಯೋ ಮಾಡಿ. ಎರಡು ವಾರದ ಮೇಲೆ ಇನ್ನೊಂದು ಮಾಡಿ. ಯಾವುದು ಹಿಂದಿನದು ಎಂದು ಹೇಳದೆ ಪಕ್ಕದ ಮನೆಯವರಿಗೆ ಎರಡನ್ನೂ ತೋರಿಸಿ ಯಾವುದರಲ್ಲಿ ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿ. ಹಣ ಕೊಟ್ಟು ಹಂಬಲಿಸಿದ ನಮ್ಮ ಕಣ್ಣಿಗೆ ಇಲ್ಲದ ಸುಧಾರಣೆಯೂ ಕಾಣುತ್ತದೆ.

ಹಂತ 8: ಹುಚ್ಚುನಾಯಿ ಕಡಿತದಲ್ಲಿ ರಾಜಿಯೇ ಇಲ್ಲ

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆಂಬಷ್ಟು ಅಪರೂಪ. ಮಂತ್ರ, ನಾಟಿ ಔಷಧಿ ಯಾವುದೂ ಇಲ್ಲಿ ಬೇಡ. ಮನುಷ್ಯರಿಗೆ ಕಚ್ಚಿದರೆ ಹರಿಯುವ ನೀರು, ಸೋಪಿನಿಂದ ಪೂರ್ತಿ 15 ನಿಮಿಷ ಗಾಯ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಹಾಕಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಿ, ಹೇಳಿದ ದಿನಗಳಂದು ಎಲ್ಲ ಡೋಸ್ ಮುಗಿಸಿ. ನಿಮ್ಮ ನಾಯಿಗೋ ಹಸುವಿಗೋ ಕಚ್ಚಿದ್ದರೆ ಕೈಗವಸು ಹಾಕಿಕೊಂಡು ತೊಳೆದು ಅದಕ್ಕೂ ಲಸಿಕೆ ಹಾಕಿಸಿ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಬರೆದುಕೊಟ್ಟ ದಿನಾಂಕಗಳಂತೆ.

ಹಂತ 9: ಕೊನೆಯ ದಿನಗಳು, ಆಮೇಲಿನದು

ದಯಾಮರಣ ಪಾಪವೇ, ಪ್ರಾಣಿ ತನ್ನ ಕರ್ಮ ಕಳೆಯಬೇಕೇ ಎಂದು ಕೇಳುತ್ತೀರಿ. ಅದನ್ನು ತೀರ್ಮಾನಿಸುವುದು ನಿಮ್ಮ ಮನೆಯ ಧರ್ಮ. ನಾನು ಹೇಳಬಹುದಾದದ್ದು ಇಷ್ಟು: ಅರಿವಳಿಕೆಯ ಹೆಚ್ಚಿನ ಪ್ರಮಾಣ ಕೊಡುವುದರಿಂದ ಪ್ರಾಣಿ ಮೊದಲು ಪ್ರಜ್ಞೆ ಕಳೆದುಕೊಳ್ಳುತ್ತದೆ, ಆಮೇಲೆ ಹೃದಯ ನಿಲ್ಲುತ್ತದೆ. ಬೇಡವೆಂದು ನಿರ್ಧರಿಸಿದರೆ ನೋವಿನ ಔಷಧಿಯನ್ನಾದರೂ ವೈದ್ಯರಿಂದ ಬರೆಸಿಕೊಳ್ಳಿ. ಮನೆಯ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ಹೂಳುವುದಾದರೆ ಸ್ವಂತ ಜಾಗದಲ್ಲಿ, ಬಾವಿ, ಬೋರ್‌ವೆಲ್‌ಗಳಿಂದ ದೂರ, ಮೂರು ನಾಲ್ಕು ಅಡಿ ಆಳದಲ್ಲಿ. ಚುಚ್ಚುಮದ್ದಿನಿಂದ ಸತ್ತ ದೇಹವನ್ನು ಬೀದಿನಾಯಿಗಳು ತೋಡಿ ತಿಂದರೆ ಅವೂ ಸಾಯಬಹುದು, ಆದ್ದರಿಂದ ಆಳ ಮುಖ್ಯ. ದೇಹವನ್ನು ಕಾವೇರಿಗೋ ನಾಲೆಗೋ ಬಿಡಬೇಡಿ. ಶಾಂತಿ, ಎಡೆ, ಹನ್ನೊಂದನೆಯ ದಿನ ಬೀದಿನಾಯಿಗಳಿಗೆ ಅನ್ನ ಹಾಕುವುದು ಏನೇ ಮಾಡಿದರೂ ಮಾಡಿ.

‘ಅದೇ ಮತ್ತೆ ಹುಟ್ಟಿ ಬಂದಿದೆ’ ಎಂದು ಹದಿನೈದು ದಿನದಲ್ಲಿ ಹೊಸ ಮರಿ ತರುವವರಿಗೆ ಒಂದು ಎಚ್ಚರಿಕೆ. ಹಿಂದಿನದು ಪಾರ್ವೊದಿಂದ ಸತ್ತಿದ್ದರೆ ಆ ವೈರಸ್ ನಿಮ್ಮ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷದವರೆಗೂ ಉಳಿದಿರುತ್ತದೆ. ಹೊಸ ಮರಿಯೂ ಸಾಯಬಹುದು, ಆಗ ಮನೆಗೇ ದೋಷವಿದೆ ಎಂದು ಹೋಮಕ್ಕೆ ಹೊರಡುತ್ತೀರಿ. ಹಳೆಯ ಹಾಸಿಗೆ, ಬೆಲ್ಟು ಸುಟ್ಟುಬಿಡಿ. ಸಿಮೆಂಟ್ ನೆಲ, ಬಟ್ಟಲುಗಳನ್ನು ಮೊದಲು ಸೋಪಿನಿಂದ ತೊಳೆದು, ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯಿರಿ. ಮಣ್ಣಿನ ಅಂಗಳಕ್ಕೆ ಇದು ಸಾಲದು. ಮರಿಗೆ ಆರರಿಂದ ಎಂಟು ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ಲಸಿಕೆ ಮುಗಿಸಿ, ಅಲ್ಲಿಯವರೆಗೆ ಅದನ್ನು ಆ ಅಂಗಳಕ್ಕೆ ಬಿಡಬೇಡಿ. ಸಾಧ್ಯವಾದರೆ ಲಸಿಕೆ ಪೂರ್ತಿಯಾದ ದೊಡ್ಡ ನಾಯಿಯನ್ನೇ ತನ್ನಿ.